ಅಮ್ಮಾಜಮ್ಮನ ಕೊಸರು

ಬಂಗಾರಪೇಟೆಯಿಂದ ಬೆಳಗಿನ ರೈಲಿನಲ್ಲಿ ಹಾಲು ತಂದು ಊರಿಗಾಂ ಗಣಿ ಕೂಲಿಗಳ ಲೈನುಮನೆಗಳಲ್ಲಿ ಮಾರುತ್ತಿದ್ದ ಅಮ್ಮಾಜಮ್ಮ, ಪಾವು ಅಳೆದ ಮೇಲೆ ಕೊಸರೆಂದು ಒಂದಿಷ್ಟು ಹೆಚ್ಚು ಸುರಿಯದೆ ಯಾರ ಬಾಗಿಲಿಂದಲೂ ಎದ್ದವಳಲ್ಲ. 1958ರಲ್ಲಿ ಗಣಿ ಕೆಲಸದ ಕದಿರಪ್ಪ ಕುಡಿದ ಮತ್ತಿನಲ್ಲಿ ಅವಳ ತಮ್ಮನನ್ನು ಹೊಡೆದು ಕೊಂದ. ಕಂಡದ್ದನ್ನು ಕಂಡಂತೆ ಕೋರ್ಟಿನಲ್ಲಿ ಹೇಳಿದವಳು ಅವಳೇ. ಅವನಿಗೆ ಏಳು ವರ್ಷ ಜೈಲಾಯಿತು.

ತೀರ್ಪಿನ ಮರುದಿನ ಕದಿರಪ್ಪನ ಹೆಂಡತಿ ಮಂಗಮ್ಮ ಕೂಸನ್ನೆತ್ತಿಕೊಂಡು, ಮುಖ ತೋರಿಸಲಾರದೆ ತನ್ನ ಮನೆ ಬಾಗಿಲ ಮರೆಯಲ್ಲೇ ನಿಂತಿದ್ದಳು. ಅಮ್ಮಾಜಮ್ಮ ತಾನೇ ಕರೆದು ಪಾವು ಅಳೆದಳು. ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಎಂದಿನಂತೆ ಕೊಸರು ಸುರಿಯಿತು.

ಪಕ್ಕದ ಮನೆಯ ನರಸಮ್ಮ ಸಿಡುಕಿದಳು: "ತಮ್ಮನ್ನ ಕೊಂದೋನ ಮನೆಗೂ ಕೊಸರಾ ಅಕ್ಕಾ?"

"ಅವನು ಮಾಡಿದ್ದಕ್ಕೆ ಕೋರ್ಟು ಅಳೆದು ಕೊಟ್ಟೈತೆ. ಆಲಿಗೆ ಕೊಸರು ಆಕ್ತೀನಿ ಕಣೇ, ಸಿಕ್ಸೆಗೆ ಆಕಲ್ಲ."