ಅಕ್ಕೋರ ಚಿಟಿಕೆ

ಆಗ ನಮ್ಮ ಕಡೆಯವರಿಗೆ ಸೋಲಾಪುರ ಪರವೂರು ಅನ್ನಿಸುತ್ತಲೇ ಇರಲಿಲ್ಲ. ಝಳಕಿಗೆ ಬಂದು ಬಸ್ ಹತ್ತಿದರೆ ಒಂದು ನಿದ್ದೆಯೊಳಗೆ ಮುಟ್ಟುತ್ತಿದ್ದೆವು. ಅಪ್ಪ ಅಲ್ಲಿ ಚಾದರ ನೇಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ನಾನು ಮೂರನೇ ಇಯತ್ತೆಯವರೆಗೆ ಅಲ್ಲಿಯ ಮರಾಠಿ ಶಾಲೆಯಲ್ಲೇ ಕಲಿತೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಇದರಲ್ಲೇನಾದರೂ ತೊಡಕಿದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಕಾರ್ಖಾನೆ ಬಂದ್ ಆಯಿತು, ನಾವು ಗಂಟು ಕಟ್ಟಿಕೊಂಡು ಇಂಡಿ ತಾಲೂಕಿನ ನಮ್ಮ ಹಳ್ಳಿಗೆ ಬಂದೆವು. ಪಂಚಮಿ ಆಗಷ್ಟೇ ಮುಗಿದಿತ್ತು, ಡಬ್ಬಿಯಲ್ಲಿ ಶೇಂಗಾದ ಉಂಡಿ ಇನ್ನೂ ಉಳಿದಿದ್ದವು. ಎರಡು ಉಂಡಿ ಕಿಸೆಯಲ್ಲಿಟ್ಟುಕೊಂಡು ನಾನು ಊರ ಶಾಲೆಯ ನಾಲ್ಕನೇ ಇಯತ್ತೆಗೆ ಹೋದೆ.

ಅಲ್ಲಿ ನಮಗೆ ಕಲಿಸುತ್ತಿದ್ದವರನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಆಳು ಗಿಡ್ಡ, ದನಿ ಮಾತ್ರ ಊರ ಅಗಸಿ ಬಾಗಿಲ ತನಕ ಕೇಳಬೇಕು. ಅವರ ಪಾಠದಲ್ಲಿ ಸುತ್ತುಬಳಸು ಇರಲಿಲ್ಲ. "ಮದ್ಲ ನಾ ಮಾಡ್ತೇನಿ, ಸುಮ್ನ ನೋಡ್ರಿ. ಆಮ್ಯಾಲ ಕೂಡಿ ಮಾಡೂಣು. ಕಡೀಕ ನೀವ ಮಾಡ್ರಿ," ಅನ್ನುವರು. ಹಲಗೆಯ ಮೇಲೆ ಬೆರಳಿಟ್ಟು, ಒಂದು ಗಳಿಗೆ ತಡೆದು, ಚಟಕ್ಕನೆ ಚಿಟಿಕೆ ಹೊಡೆಯುವರು. ಆಗ ಇಡೀ ಕೋಣೆ ಒಂದೇ ಬಾಯಲ್ಲಿ ಉತ್ತರ ಹೇಳಬೇಕು. ಚಿಟಿಕೆಗೆ ಮೊದಲೇ ಯಾರಾದರೂ ಬಾಯಿಬಿಟ್ಟರೆ, "ಯಾಕಪಾ, ಬಸ್ಸಿಗಿ ಹೊತ್ತಾತೇನು?" ತಪ್ಪಿದವರಿಗೆ ಬೈಗುಳವಿಲ್ಲ. ಸರಿಯಾದ್ದನ್ನು ತಾವು ಹೇಳಿ, ನಮ್ಮ ಜೊತೆಗೆ ಹೇಳಿ, ಮತ್ತೆ ನಮ್ಮಿಂದ ಹೇಳಿಸುವರು.

ಆ ಗದ್ದಲದಲ್ಲಿ ನಾನು ಹಾಯಾಗಿದ್ದೆ. ಕ ಖ ಗ ಘ ಅಂದರೆ ಮರಾಠಿಯಲ್ಲೂ ಅದೇ ಸಾಲು, ಹೆಚ್ಚುಕಡಿಮೆ ಅದೇ ರಾಗ. ಮರಾಠಿಯ ಬಾರಾಖಡಿ ಬಂದವಳಿಗೆ ಕಾಗುಣಿತ ಯಾವ ಗಿಡದ ತಪ್ಪಲು! ಎಲ್ಲರಿಗಿಂತ ಜೋರಾಗಿ ಒದರುತ್ತಿದ್ದೆ. ಪದ್ಯವನ್ನು ಎರಡು ಸಲ ಕೇಳಿದರೆ ಸಾಕು, ಬಾಯಿಪಾಠ. ಆದರೆ ಎಲ್ಲ ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಒಂದೂ ಬರುತ್ತಿರಲಿಲ್ಲ. ಕನ್ನಡದ ಅಕ್ಷರಗಳೆಲ್ಲ ನನಗೆ ಒಂದೇ ತಾಯಿಯ ಮಕ್ಕಳ ಹಾಗೆ ದುಂಡುದುಂಡಗೆ ಕಾಣುತ್ತಿದ್ದವು.

ಒಂದು ದಿನ ಅಕ್ಕೋರು ಸಾಲು ಬಿಟ್ಟು ನಡುವಿನ 'ಧ'ದ ಮೇಲೆ ಬೆರಳಿಟ್ಟು ಚಿಟಿಕೆ ಹೊಡೆದರು. ಎಲ್ಲರೂ 'ಧ' ಅಂದರು, ನಾನು ಗಂಟಲು ಹರಿಯುವಂತೆ 'ಕ' ಅಂದೆ. ಚಿಟಿಕೆ ಬಿದ್ದರೆ 'ಕ'ದಿಂದ ಶುರು ಅಂತ ನನ್ನ ಲೆಕ್ಕ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿ ಹೋಗುತ್ತಿದ್ದ ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ. ಮರುದಿನವೇ ಅಪ್ಪನನ್ನು ಕರೆಸಿದರು.

"ಇಕೀಗಿ ಅಕ್ಷರನ ಗೊತ್ತಿಲ್ಲ. ಒಂದನೇತ್ತಾಕ್ಕ ಕೂಡ್ರಸಬೇಕಾಗ್ತದ."

ಮನೆಯಲ್ಲಿ ಇದನ್ನು ಕೇಳಿದ್ದೇ ನಮ್ಮ ಆಯಿ, ಅಪ್ಪನ ತಾಯಿ, ಕೆಂಡವಾದಳು. "ಸಿಂಬಳಾ ಸುರಸೂ ಹುಡುಗರ ಸಂಗಾಟ ಇಷ್ಟೆತ್ತರದಾಕಿ ಕೂಡ್ರಬೇಕೇನು? ಮಂದಿ ನಗ್ತಾರ. ಸಾಲಿ ಸಾಕು, ಮನ್ಯಾಗ ಇರ್ಲಿ."

ಆಯಿಯ ಮಾತಿಗೆ ಅಪ್ಪ ಎದುರಾಡುವವನಲ್ಲ. ನಾನು ಕಣಜದ ಹಿಂದೆ ಕೂತು ಅತ್ತೆ. ಆ ಸಂಜೆ ಅಕ್ಕೋರು ತಾವಾಗಿ ನಮ್ಮ ಮನೆಗೆ ಬಂದರು. ಚಹಾದ ಬಟ್ಟಲು ಮುಟ್ಟದೆ, "ಅಮ್ಮಾರ, ದೀಪಾವಳಿ ಸೂಟಿ ತನಕಾ ಸರೂನ್ನ ನನಗ ಬಿಡ್ರಿ. ಹೆಡ್‌ಮಾಸ್ತರಿಗೂ ಹೇಳೇನಿ. ಅಷ್ಟರಾಗ ಓದಲಿಲ್ಲಂದ್ರ ನಾನ ಕೈಹಿಡದು ತಂದು ಬಿಡ್ತೇನಿ," ಅಂದರು. ಆಯಿ ಬಟ್ಟಲನ್ನು ಅವರ ಕಡೆಗೆ ಸರಿಸಿದಳು. ಆಮೇಲೆ, "ಚಹಾ ಆರತೈತಿ, ಕುಡೀರಿ," ಅಂದಳು. ಒಪ್ಪಿಗೆ ಅಂದರೆ ಅಷ್ಟೇ.

ಮರುದಿನ ಅಕ್ಕೋರು ತರಗತಿಗೆ ಹೇಳಿದರು: "ನಿಮ್ಮ ಅಕ್ಷರ ಕಾಗಿ ಕಾಲಿನಂಗ ಆಗ್ಯಾವು. ಎಲ್ಲಾರೂ ಮದ್ಲಿಂದ ಕಲೀರಿ." ನನ್ನ ಪಕ್ಕ ಕೂರುತ್ತಿದ್ದ ಶಾಂತಿಗೆ ಸಿಟ್ಟು ಬಂತು. "ನಾವೇನು ಕೂಸೇನ್ರೀ ಅಕ್ಕೋರ?" ಅಂದಳು. ಬೇರೆಯವರೂ ಗೊಣಗಿದರು. ನನಗೆ ಒಳಗೊಳಗೇ ಜೀವ ಬಂದಂತಾಯಿತು. ದಿನಕ್ಕೆ ನಾಲ್ಕಾರು ಅಕ್ಷರ, ನಿನ್ನೆಯವನ್ನೂ ಬೆರೆಸಿ, ಹಿಂದುಮುಂದು ಮಾಡಿ. ಅವರು ಅಂದರು, ನಾವು ಕೂಡಿ ಅಂದೆವು, ನಾವೇ ಅಂದೆವು. ನಡುವೆ ನನಗೆ ಜ್ವರ ಬಂದು ಹಾಸಿಗೆ ಹಿಡಿದೆ. ವಾಪಸು ಹೋದಾಗ ಗೊಣಗಾಟ ಅಡಗಿತ್ತು. ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಕುಂಟಾಟ ಆಡುವಾಗ ಶಾಂತಿ ನೆಲದ ಮೇಲೆ ಗೀಚಿದ ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ ಬರೆಯತೊಡಗಿದ್ದಳು; ಕಾಲಿಟ್ಟ ಮನೆಯ ಅಕ್ಷರ ಕೂಗದಿದ್ದರೆ ಆಟದಿಂದ ಹೊರಗೆ. ಆ ಹೊಸ ಆಟ ನಮಗೆಲ್ಲ ಹುಚ್ಚು ಹಿಡಿಸಿತು.

ಸೂಟಿಯ ಹಿಂದಿನ ದಿನ ಹೆಡ್‌ಮಾಸ್ತರರು ಬಂದರು. ಅಪ್ಪನೂ ಬಂದು ಬಾಗಿಲ ಹೊರಗೆ ನಿಂತಿದ್ದ. ಹೆಡ್‌ಮಾಸ್ತರರು ಹಲಗೆಯ ಮೇಲೆ ಒಂದು ವಾಕ್ಯ ಬರೆದು, "ಓದವಾ," ಅಂದರು. ನಾನು ಮೊದಲ ಅಕ್ಷರವನ್ನೇ ದಿಟ್ಟಿಸುತ್ತ ನಿಂತೆ. ಅವರಿಗೆ ತಡೆಯಲಿಲ್ಲ. "ಹೂಂ, ಲಗೂ ಲಗೂ," ಅನ್ನುತ್ತ ಚಟ್ ಅಂತ ಚಿಟಿಕೆ ಹೊಡೆದರು.

ತಗೋ! ಇಡೀ ತರಗತಿ ಒಂದೇ ಬಾಯಲ್ಲಿ, "ನಮ್ಮ ಹೊಲದಲ್ಲಿ ಜೋಳ ಬೆಳೆದಿದೆ!" ಎಂದು ಗರ್ಜಿಸಿತು.

ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಡ್‌ಮಾಸ್ತರರ ಮುಖ ಕೆಂಪಾಯಿತು. "ಎಲ್ಲಾರೂ ಹೊರಗ ನಡೀರಿ! ಅಕ್ಕೋರ, ನೀವೂ!" ಅಂದರು. ಕೋಣೆ ಖಾಲಿಯಾಯಿತು. ಅವರು ವಾಕ್ಯ ಅಳಿಸಿ ಬೇರೆ ಬರೆದರು. ಯಾರ ದನಿಯೂ ಇಲ್ಲದ ಆ ಕೋಣೆಯಂಥ ದೊಡ್ಡ ಜಾಗವನ್ನು ನಾನು ಆವರೆಗೆ ಕಂಡಿರಲಿಲ್ಲ. ಇಂದು ಓದದಿದ್ದರೆ ಇನ್ನು ಮುಂದೆ ಶಾಲೆಯಿಲ್ಲ ಅನ್ನುವುದೊಂದೇ ತಲೆಯಲ್ಲಿತ್ತು. ಲಂಗದ ಮರೆಯಲ್ಲಿ ನಾನೇ ಮೆಲ್ಲಗೆ ಚಿಟಿಕೆ ಹೊಡೆದುಕೊಂಡೆ. "ಗು..." ಅಂದೆ. ಮತ್ತೊಂದು ಚಿಟಿಕೆ. "ಗುಬ್ಬಿ." ಹಾಗೇ ಒಂದೊಂದೇ ಎತ್ತಿಕೊಂಡು, "ಗುಬ್ಬಿ ಮಳೆಯಲ್ಲಿ ತೋಯ್ದು ಮನೆಗೆ ಬಂತು," ಅಂತ ಮುಟ್ಟಿಸಿದೆ. ಹೊರಗಿನಿಂದ ಅಪ್ಪ ಕೆಮ್ಮಿದ್ದು ಕೇಳಿಸಿತು.

"ಆತು. ನಾಕನೇತ್ತಾದಾಗ ಇರ್ಲಿ," ಅಂದರು ಹೆಡ್‌ಮಾಸ್ತರರು.

ಈಗ ನಾನೇ ಸಿಂದಗಿಯ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ತರಬೇತಿಗೆ ಹೋದರೆ ಒಂದು ವರ್ಷ, ಮಕ್ಕಳಿಗೆ ಏನೂ ಹೇಳಿಕೊಡಬೇಡಿ, ತಾವೇ ಕಂಡುಕೊಳ್ಳಲಿ ಅನ್ನುತ್ತಾರೆ. ಮತ್ತೊಂದು ವರ್ಷ ಪರದೆಯ ಮೇಲೆ 'ನೇರ ಬೋಧನೆ' ಅಂತ ಹಾಕಿ, ನಾನು ಮಾಡುತ್ತೇನೆ, ನಾವು ಮಾಡೋಣ, ನೀನು ಮಾಡು ಎಂದು ವಿವರಿಸುತ್ತಾರೆ. ಮೊನ್ನೆ ಇಂಡಿ ಬಸ್ ನಿಲ್ದಾಣದಲ್ಲಿ ಶಾಂತಿ ಸಿಕ್ಕಾಗ ಇದನ್ನೇ ಹೇಳಿ ನಕ್ಕೆ. "ಅಕ್ಕೋರು ನಿಮ್ಮ ಅಕ್ಷರ ಚಂದಿಲ್ಲ ಅಂತ ಸುಳ್ಳ ಹೇಳಿ, ನಿಮ್ಮನ್ನೆಲ್ಲಾ ಮಳ್ಳ ಮಾಡಿ ನನಗ ಕಲಿಸಿದ್ರು ನೋಡು," ಅಂದೆ.

ಶಾಂತಿ ನನ್ನನ್ನೇ ನೋಡಿದಳು. "ಹುಚ್ಚಿ, ನಮಗೆಲ್ಲಾ ಗೊತ್ತಿತ್ತ ಬೇ! ನಿನಗ ಜ್ವರಾ ಬಂದಿತ್ತಲ್ಲ, ಅವತ್ತ ಅಕ್ಕೋರು ಬಾಗಲಾ ಹಾಕಿ ಹೇಳಿದ್ರು. ಸರೂ ಒಬ್ಬಾಕಿನ ಕಲತ್ರ ನಾಚತಾಳ, ನೀವೂ ಆಕೀ ಸಂಗಾಟ ಅಕ್ಷರ ಬರಲಾರದವರಾಗ್ರಿ ಅಂತ."

ಮುಂದೆ ಎಷ್ಟೋ ಜಗಳ ಆಡಿದ್ದೇವೆ, ಕೂದಲು ಹಿಡಿದು ಹೊಡೆದಾಡಿದ್ದೇವೆ. ಎಂಥ ಸಿಟ್ಟಿನಲ್ಲೂ ಒಬ್ಬರೂ ಅದನ್ನು ಬಾಯಿಬಿಡಲಿಲ್ಲ. ಬಸ್ಸಿನಲ್ಲಿ ಕೂತು ನಾನು ಸಿಂದಗಿಯ ತನಕ ಅತ್ತೆ. ಅಕ್ಕೋರು ತೀರಿಕೊಂಡು ವರ್ಷಗಳಾದವು. ನನ್ನ ತರಗತಿಯಲ್ಲೂ ಚಿಟಿಕೆ ಹೊಡೆಯುತ್ತೇನೆ, ಮಕ್ಕಳು ಒಂದೇ ದನಿಯಲ್ಲಿ ಹೇಳುತ್ತಾರೆ, ಓದುವುದನ್ನು ಬೇಗನೆ ಕಲಿಯುತ್ತಾರೆ. ಒಂದು ಮಗು ತಡವರಿಸಿದರೆ ಸಾಕು, "ಮಿಸ್, ಆಕೀಗಿ ಬರಂಗಿಲ್ರಿ!" ಎಂದು ನಾಲ್ಕು ಕೈ ಮೇಲೇಳುತ್ತವೆ. ಬರುವವರು ಬಾರದವರ ಜೊತೆ ಬಾರದವರಾಗುವುದನ್ನು ಕಲಿಸಲು ನನಗೆ ಗೊತ್ತಿಲ್ಲ. ಅಕ್ಕೋರು ಅದನ್ನು ಹೇಗೆ ಕಲಿಸಿದರೋ! ಆ ಪಾಠದ ದಿನ ನಾನೊಬ್ಬಳೇ ಶಾಲೆಗೆ ಹೋಗಿರಲಿಲ್ಲ.