ದೊಡ್ಡಪ್ಪ ಸೀಳಿದ ಉರುಮೆ

ಯುದ್ಧದಲ್ಲಿ ಕಿವಿ ಕಳೆದುಕೊಂಡು ಮೊಳಕಾಲ್ಮೂರಿಗೆ ಮರಳಿದ ನಮ್ಮ ದೊಡ್ಡಪ್ಪನೇ ಊರಿನ ಉರುಮೆಯವರಿಗೆ ವಾದ್ಯ ಕೊಡಿಸಿದ್ದ. ಅಮಾವಾಸ್ಯೆಯ ಸಂಜೆ ಅವರನ್ನು ಕರೆಸಿ ಊಟ ಹಾಕಿ, ಅವರು ಬಾರಿಸುವಾಗ ಉರುಮೆಯ ಮೈಗೆ ಅಂಗೈ ಒತ್ತಿ ತಲೆದೂಗುತ್ತಿದ್ದ. ಅವನಿಗೆ ಕೇಳಿಸದೆಂದು ಉರುಮೆಯವನು ಹಾಡಿನೊಳಗೆ ಅವನನ್ನೇ ಬೈಯುತ್ತಿದ್ದ. "ಕಿವುಡು ಮಿಲ್ಟ್ರಿ, ಹೆಂಡ್ತಿ ಓಡಿಹೋದ ಸಪ್ಪಳಾನೂ ಕೇಳ್ಲಿಲ್ಲೇನಲೇ" ಎಂದು ಹಾಡಿದರೆ ಮನೆಮಂದಿಯೆಲ್ಲ ನಗುತ್ತಿದ್ದೆವು. ದೊಡ್ಡಪ್ಪನೂ ನಗುತ್ತಿದ್ದ.

ಒಂದು ಸಂಜೆ ಅವನು ನಗಲಿಲ್ಲ. ಒಳಗಿನಿಂದ ಈರುಳ್ಳಿ ಹೆಚ್ಚುವ ಚಾಕು ತಂದು ಉರುಮೆಯ ಚರ್ಮವನ್ನು ಸೀಳಿದ.

ಉರುಮೆಯವನು ಕಾಲು ಹಿಡಿದ. ಅವನ ತುಟಿ ಕಾಣಲೆಂದು ದೊಡ್ಡಪ್ಪ ಗದ್ದ ಹಿಡಿದೆತ್ತಿದ.

"ಯಜಮಾನ್ರೇ, ನಾಳೆ ರಾಂಪುರದಾಗೆ ಮದುವೆ ಐತೆ. ಇದರಾಗೇ ನನ್ನ ಅನ್ನ ಐತೆ."

"ನೀ ಬೈಯೋದನ್ನ ಇಷ್ಟು ವರ್ಷ ತುಟಿ ನೋಡೇ ತಿಳ್ಕಂಡೀನಿ. ಅದಕ್ಕಲ್ಲ ಲೇ. ಇವತ್ತು ತಾಳ ತಪ್ಪಿಸ್ದೆ."

ಮರುದಿನ ದೊಡ್ಡಪ್ಪನೇ ಹೊಸ ಚರ್ಮ ಬಿಗಿಸಿಕೊಟ್ಟನೆಂದು ನಾನು ಬಹಳ ಕಾಲ ಹೇಳಿಕೊಂಡು ಬಂದೆ. ಅಕ್ಕ ಒಪ್ಪುವುದಿಲ್ಲ. ಅವನು ಉರುಮೆಯನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದ, ಅದರೊಳಗೆ ಅವ್ವ ಶೇಂಗಾ ಬೀಜ ತುಂಬಿಡುತ್ತಿದ್ದಳು ಎನ್ನುತ್ತಾಳೆ. ಆ ಬೀಜಕ್ಕೆ ಚರ್ಮದ ವಾಸನೆ ಇರುತ್ತಿತ್ತು. ಅದು ನನಗೂ ನೆನಪಿದೆ.