ಅಳಿಯನ ಶಾರ್ಟ್ ಟೆಂಪರ್

ಚಂದ್ರಮ್ಮನ ಗಂಡ ಈಶ್ವರಪ್ಪ ರೈಲ್ವೆ ನೌಕರ. ಬಳ್ಳಾರಿಯಿಂದ ವಿಜಯವಾಡಕ್ಕೆ ವರ್ಗವಾಗಿ ಬಂದವನು ಅಲ್ಲೇ ನೆಲೆಯಾದ. ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುವ ಮನುಷ್ಯ. ಅಡುಗೆ ಮಾಡಿ ಬಡಿಸಿ, ಆ ಮುಖ ಸಡಿಲಾಗುವುದನ್ನು ಕಾಯುವುದರಲ್ಲೇ ಚಂದ್ರಮ್ಮನ ಸಂಸಾರ ಕಳೆಯಿತು. ಅವನು ತೀರಿಕೊಂಡ ಮೇಲೆ ಮಗಳು ಹರ್ಷಿತಾಗೆ ಸಂಬಂಧ ತಂದವಳು ಲಕ್ಷ್ಮೀಕಾಂತಮ್ಮ, ಹುಡುಗನ ಸೋದರತ್ತೆ.

“ನಮ್ಮ ಭಾನುಪ್ರಕಾಶ್ ವೈಜಾಗ್‌ನಾಗ ಔಷಧಿ ಕಂಪನಿಯೊಳಗ ಅದಾನ. ಸ್ವಲ್ಪ ಶಾರ್ಟ್ ಟೆಂಪರ್. ಮನಸ್ಸು ಮಾತ್ರ ಬಂಗಾರ.”

ಶಾರ್ಟ್ ಎಂದರೆ ಗಿಡ್ಡ ಎಂದಷ್ಟೇ ಬಲ್ಲ ಚಂದ್ರಮ್ಮ, ಹುಡುಗನಿಗೆ ಸಿಟ್ಟು ಕಮ್ಮಿ ಎಂದುಕೊಂಡು ಹಿಗ್ಗಿದಳು.

“ಅಮ್ಮಾ, ಹಂಗಂದ್ರ ಸಣ್ಣ ಸಿಟ್ಟಲ್ಲ, ಲಗೂನ ಬರೋ ಸಿಟ್ಟು,” ಎಂದಳು ಹರ್ಷಿತಾ.

“ಲಗೂನ ಬಂದದ್ದು ಲಗೂನ ಹೋಗ್ತೈತಿ ಬಿಡು. ನಿಮ್ಮಪ್ಪನಂಗ ಅಲ್ಲಲ್ಲ.”

ಮದುವೆಯಾಗಿ ಹರ್ಷಿತಾ ವೈಜಾಗ್‌ನ ಮಧುರವಾಡದ ಫ್ಲ್ಯಾಟಿಗೆ ಹೋದಳು. ಗಂಡ ತಟ್ಟೆ ಎಸೆದನೆಂದು ಫೋನಿನಲ್ಲಿ ಅತ್ತಾಗ ತಾಯಿ, “ನೀನೇ ತಗ್ಗಿ ನಡಿಯವ್ವ” ಎಂದಳು. ಆಮೇಲೆ ಫೋನುಗಳು ಕಡಿಮೆಯಾದವು. ಮಗಳು ಹೊಂದಿಕೊಂಡಳೆಂದು ಚಂದ್ರಮ್ಮ ಸಮಾಧಾನಪಟ್ಟಳು.

ದಸರೆಗೆಂದು ಅಲ್ಲಿಗೆ ಹೋದಾಗ ಕಣ್ಣಾರೆ ಕಂಡಳು. ಸಾರಿಗೆ ಉಪ್ಪು ಕಮ್ಮಿಯೆಂದು ಅಳಿಯ ಬಟ್ಟಲನ್ನು ಗೋಡೆಗೆ ಬೀಸಿ, ಹರ್ಷಿತಾಳ ತೋಳು ಹಿಡಿದು ತಿರುಚಿದ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅತ್ತಲಿಂದ ಮೇಲಧಿಕಾರಿ ಬೈಯುತ್ತಿದ್ದುದು ಚಂದ್ರಮ್ಮನಿಗೂ ಕೇಳಿಸುತ್ತಿತ್ತು. “ಹೌದು ಸರ್, ತಪ್ಪು ನನ್ನದೇ ಸರ್,” ಎಂದು ಭಾನುಪ್ರಕಾಶ್ ಬೆಣ್ಣೆಯಂತೆ ಮಾತಾಡಿದ. ಇನ್ನೊಂದು ಕೈ ಹರ್ಷಿತಾಳ ತೋಳನ್ನು ಬಿಟ್ಟಿರಲಿಲ್ಲ. ಫೋನು ಇಟ್ಟವನು ಬೈಗುಳವನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದ.

ಆದರೂ ಮಗಳನ್ನು ಅಲ್ಲೇ ಬಿಟ್ಟು ಬಂದಳು.

ಲಕ್ಷ್ಮೀಕಾಂತಮ್ಮನ ಹೊಸ ಮನೆಯ ಗೃಹಪ್ರವೇಶ ವಿಜಯವಾಡದಲ್ಲಿ. ಕಾಫಿ ತಡವಾಯಿತೆಂದು ಭಾನುಪ್ರಕಾಶ್ ನೆಂಟರೆದುರೇ ಹೆಂಡತಿಯ ಮೇಲೆ ಹಾರಾಡಿದ. ಹರ್ಷಿತಾ ಟ್ರೇ ಕೆಳಗಿಟ್ಟಳು.

“ಮ್ಯಾನೇಜರ್ ಮುಂದೆ ಬರದ ಸಿಟ್ಟು ನನ್ನ ಮುಂದೆ ಮಾತ್ರ ಯಾಕ ಬರ್ತೈತಿ?”

“ಅಬ್ಬಾ, ಏನು ಪೊಗರು ಈಕಿಗೆ!” ಎಂದು ಲಕ್ಷ್ಮೀಕಾಂತಮ್ಮ ಚಂದ್ರಮ್ಮನತ್ತ ತಿರುಗಿದಳು. “ಅವನಿಗೆ ಶಾರ್ಟ್ ಟೆಂಪರ್ ಅಂತ ನಾನು ಮೊದಲೇ ಹೇಳಿರಲಿಲ್ಲೇನು?”

ಕೂಗುವ ಗಂಡಿಗೊಂದು ಇಂಗ್ಲಿಷ್ ಹೆಸರು, ತಿರುಗಿ ಕೇಳಿದ ಹೆಣ್ಣಿಗೆ ಪೊಗರು. ಚಂದ್ರಮ್ಮನ ಬಾಯಿಂದ ಹೊರಟದ್ದು ಇಷ್ಟೇ: “ಹೇಳಿದ್ರಿ ಅಕ್ಕ.”

ಹರ್ಷಿತಾ ಒಮ್ಮೆ ತಾಯಿಯನ್ನು ನೋಡಿ ಹೊರಗೆ ನಡೆದಳು. ಗಂಡನ ಜೊತೆಗೂ ಹೋಗಲಿಲ್ಲ, ತವರಿಗೂ ಬರಲಿಲ್ಲ. ವಿಜಯವಾಡದ ಪಕ್ಕದ ಮಂಗಳಗಿರಿಯ ಕೈಮಗ್ಗದ ಸೀರೆ ಅಂಗಡಿಯಲ್ಲಿ ಕೆಲಸ ಹಿಡಿದು, ಅಲ್ಲೇ ಒಂದು ಕೋಣೆ ಮಾಡಿಕೊಂಡಳು. ಭಾನುಪ್ರಕಾಶನಿಗೆ ಬಡ್ತಿ ಸಿಕ್ಕಿತು.

ಚಂದ್ರಮ್ಮ ಈಗಲೂ ಆಗಾಗ ಮಗಳನ್ನು ನೋಡಲು ಹೋಗುತ್ತಾಳೆ. ಹರ್ಷಿತಾ ಬಾಗಿಲು ತೆರೆಯುತ್ತಾಳೆ, ಊಟಕ್ಕೆ ಹಾಕುತ್ತಾಳೆ, ಇರು ಎನ್ನುವುದಿಲ್ಲ.

“ನನ್ನ ಮ್ಯಾಲೆ ಸಿಟ್ಟೇನವ್ವ?” ಎಂದು ಚಂದ್ರಮ್ಮ ಒಮ್ಮೆ ಕೇಳಿಯೇಬಿಟ್ಟಳು.

“ಸಿಟ್ಟೇನಿಲ್ಲ,” ಎಂದಳು ಹರ್ಷಿತಾ. “ಏಳು, ಬಸ್ಸಿಗೆ ಹೊತ್ತಾಯ್ತು.”